ಅಡುಗೆ ಅಂಕಣದ ಚೌಕಟ್ಟಿನೊಳಗೇ ದಿನಾಂಕವೂ ಇರಲಿ

ಮಾನ್ಯ ಸಂಪಾದಕರಿಗೆ,

ವಂದನೆಗಳು. ನಿಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ಅಡುಗೆಯ ಅಂಕಣ ಬರುತ್ತದೆ. ಅದನ್ನು ಓದಿ ಪಕ್ಕಕ್ಕಿಡುವವರು ಇರುವಂತೆಯೇ, ಅಚ್ಚುಕಟ್ಟಾಗಿ ಕತ್ತರಿಸಿ ಮನೆಯ ಅಡುಗೆ ಪುಸ್ತಕದ ಹಾಳೆಗಳ ನಡುವೆ ಇಟ್ಟುಕೊಳ್ಳುವವರೂ ಇದ್ದಾರೆ. ಹಾಗೆ ಕತ್ತರಿಸುವಾಗ ಪುಟದ ನೆತ್ತಿಯ ಮೇಲಿರುವ ಪತ್ರಿಕೆಯ ಹೆಸರು ಮತ್ತು ದಿನಾಂಕ ಹೊರಗೇ ಉಳಿದುಬಿಡುತ್ತವೆ. ಅಂಕಣದ ಚೌಕಟ್ಟಿನ ಒಳಗೇ, ಕೊನೆಯ ಸಾಲಿನ ಕೆಳಗೆ, ಪತ್ರಿಕೆಯ ಹೆಸರು, ದಿನಾಂಕ, ತಿಂಗಳು, ವರ್ಷ ಮತ್ತು ಆ ವಿಧಾನವನ್ನು ಬರೆದು ಕಳಿಸಿದವರ ಪೂರ್ಣ ಹೆಸರನ್ನು ಚಿಕ್ಕ ಅಕ್ಷರದಲ್ಲಾದರೂ ಮುದ್ರಿಸಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ. ಕೋರಿಕೆ ಸಣ್ಣದು. ಅದರ ಹಿಂದಿನ ಕಾರಣವನ್ನು ಹೇಳಲು ಸ್ವಲ್ಪ ಜಾಗ ಬೇಕಾಗುತ್ತದೆ, ದಯವಿಟ್ಟು ಅವಕಾಶ ಮಾಡಿಕೊಡಬೇಕು.

ನಾನು ಅನೇಕ ವರ್ಷಗಳಿಂದ ಅಡುಗೆ ಪುಸ್ತಕಗಳನ್ನು ಸಂಗ್ರಹಿಸುತ್ತ ಬಂದವಳು. ಅಪರೂಪದ ಮುದ್ರಣಗಳನ್ನೋ ಮೊದಲ ಆವೃತ್ತಿಗಳನ್ನೋ ಹುಡುಕಿಕೊಂಡು ಹೋಗುವ ಸಂಗ್ರಾಹಕಿ ನಾನಲ್ಲ. ನನಗೆ ಬೇಕಾದದ್ದು ಯಾರಾದರೂ ಅಡುಗೆಮನೆಯಲ್ಲಿ ನಿಜವಾಗಿ ಬಳಸಿದ ಪುಸ್ತಕ. ಎಣ್ಣೆ ಹೀರಿಕೊಂಡು ಪಾರದರ್ಶಕವಾದ ಹಾಳೆ, ಒದ್ದೆ ಕೈ ತಗುಲಿ ಉಬ್ಬಿದ ಅಂಚು, ತಾನಾಗಿಯೇ ಒಂದೇ ಪುಟಕ್ಕೆ ತೆರೆದುಕೊಳ್ಳುವಷ್ಟು ಸಡಿಲಗೊಂಡ ಬೈಂಡು, ಇವೆಲ್ಲ ಪುಸ್ತಕ ಮಾರುವವರ ಕಣ್ಣಿಗೆ ದೋಷಗಳು. ಆದರೆ ಆ ಮನೆಯವರು ಯಾವ ಪುಟಕ್ಕೆ ಮತ್ತೆ ಮತ್ತೆ ಹಿಂದಿರುಗಿದರು, ಯಾವ ಪುಟವನ್ನು ಒಮ್ಮೆಯೂ ತೆರೆಯಲಿಲ್ಲ ಎಂಬುದನ್ನು ತಿಳಿಸುವ ಸಾಕ್ಷಿ ಬೇರೆಲ್ಲೂ ಸಿಗುವುದಿಲ್ಲ. ಮುನ್ನೂರು ಪುಟಗಳ ಪುಸ್ತಕವೊಂದರಲ್ಲಿ ಕಲೆಯಾಗಿರುವ ಪುಟಗಳು ಹನ್ನೊಂದೋ ಹನ್ನೆರಡೋ ಇರುತ್ತವೆ. ಆ ಮನೆಯ ಊಟ ಎಂದರೆ ಆ ಹನ್ನೆರಡು ಪುಟಗಳೇ.

ಈ ಹವ್ಯಾಸ ಶುರುವಾದದ್ದು ಅಮ್ಮನ ಪುಸ್ತಕದಿಂದ. ಅವರು ತೀರಿಕೊಂಡ ಮೇಲೆ ಮನೆಯ ಸಾಮಾನುಗಳನ್ನು ನಾವು ಒಡಹುಟ್ಟಿದವರು ಹಂಚಿಕೊಂಡಾಗ ಪಾತ್ರೆಗಳನ್ನು ಕೇಳಿದವರು ಇದ್ದರು, ಸೀರೆಗಳನ್ನು ಕೇಳಿದವರು ಇದ್ದರು. ರಟ್ಟು ಕಿತ್ತುಹೋಗಿ ದಾರದಿಂದ ಕಟ್ಟಿದ್ದ ಆ ಅಡುಗೆ ಪುಸ್ತಕ ಮಾತ್ರ ಹಳೆಯ ಪತ್ರಿಕೆಗಳ ಜೊತೆ ರದ್ದಿಯ ಕಟ್ಟಿಗೆ ಸೇರಿತ್ತು. ಅದನ್ನು ಎತ್ತಿಕೊಳ್ಳುವಾಗ ನನಗೂ ವಿಶೇಷ ಉದ್ದೇಶವೇನೂ ಇರಲಿಲ್ಲ, ಅವರ ಕೈಬರಹ ಇದೆಯಲ್ಲ ಎಂದಷ್ಟೇ ಅನಿಸಿತ್ತು. ಕೆಲವು ತಿಂಗಳ ನಂತರ ಒಂದು ಸಂಜೆ ಸಮಾಧಾನವಾಗಿ ಕುಳಿತು ಪುಟ ತಿರುವಿದಾಗ, ಎಲ್ಲಕ್ಕಿಂತ ಹೆಚ್ಚು ಕಲೆಯಾಗಿದ್ದ ಪುಟದ ಎಡ ಅಂಚಿನಲ್ಲಿ ಒಂದರ ಕೆಳಗೊಂದು ಬರೆದ ಅಂಕಿಗಳು ಕಂಡವು. ಮೇಲೆ ಶಾಯಿಪೆನ್ನಿನ ನೀಲಿಯಲ್ಲಿ 9 ಎಂದಿತ್ತು. ಅದನ್ನು ಹೊಡೆದುಹಾಕಿ ಅದೇ ನೀಲಿಯಲ್ಲಿ 8 ಎಂದು ಬರೆದಿತ್ತು. ಅದರ ಕೆಳಗೆ ಬಾಲ್ ಪೆನ್ನಿನಲ್ಲಿ 6, ಮತ್ತೆ 5, ಕೊನೆಗೆ ಪೆನ್ಸಿಲ್ಲಿನಲ್ಲಿ, ನಡುಗುವ ಕೈಯ ಗೀಟುಗಳಲ್ಲಿ, 2. ಅವು ಎಷ್ಟು ಜನಕ್ಕೆ ಮಾಡಬೇಕು ಎಂಬ ಲೆಕ್ಕ. ಪ್ರತಿ ಅಂಕಿಯ ಎದುರಿಗೂ ಆ ಸಂಖ್ಯೆಗೆ ತಕ್ಕಂತೆ ಉಪ್ಪಿನ ಅಳತೆಯನ್ನು ಮತ್ತೆ ಲೆಕ್ಕಹಾಕಿ ಬರೆದಿದ್ದರು. ತಾತ ಹೋದದ್ದು, ಚಿಕ್ಕಪ್ಪ ಬೇರೆ ಮನೆ ಮಾಡಿದ್ದು, ನಾವು ಒಬ್ಬೊಬ್ಬರಾಗಿ ಮನೆಯಿಂದ ಹೊರಟದ್ದು, ಕೊನೆಗೆ ಅಪ್ಪ ಅಮ್ಮ ಇಬ್ಬರೇ ಉಳಿದದ್ದು, ಎಲ್ಲವೂ ಆ ಅಂಚಿನಲ್ಲಿತ್ತು. ಅಪ್ಪ ಹೋದ ಮೇಲೆ 1 ಎಂದು ಅವರು ಬರೆದಿರಲಿಲ್ಲ. ಒಬ್ಬರಿಗಾಗಿ ಅವರು ಅದನ್ನು ಮತ್ತೆ ಮಾಡಲೇ ಇಲ್ಲ ಎಂದು ನಾನು ತಿಳಿದುಕೊಂಡಿದ್ದೇನೆ.

ಅಚ್ಚಾದ ಪುಟ ಎಲ್ಲರಿಗೂ ಒಂದೇ, ಅಂಚಿನ ಬರಹ ಮಾತ್ರ ಒಂದೇ ಮನೆಯದು. ಅಡುಗೆಯನ್ನು ಬರೆದಿಡುವ ಅಭ್ಯಾಸ ಬಹಳ ಹಳೆಯದು. ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಬ್ಯಾಬಿಲೋನಿಯದ ಮಣ್ಣಿನ ಫಲಕಗಳಿವೆ. ಅವು ಸುಮಾರು 3,700 ವರ್ಷಗಳಷ್ಟು ಹಿಂದಿನವು, ಮತ್ತು ಅವುಗಳ ಮೇಲೆ ಅಡುಗೆಯ ವಿಧಾನಗಳನ್ನು ಕೊರೆಯಲಾಗಿದೆ. ನಮ್ಮ ಭಾಷೆಯಲ್ಲಿಯೇ ಎರಡನೆಯ ಚಾವುಂಡರಾಯನ ಲೋಕೋಪಕಾರ 11ನೇ ಶತಮಾನದಲ್ಲಿ ಅಡುಗೆಗೆಂದು ಒಂದು ಭಾಗವನ್ನು ಮೀಸಲಿಟ್ಟಿತು. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿ ರಚಿಸಿದ. ಪದ್ಯದಲ್ಲಿದ್ದರೆ ಬಾಯಿಪಾಠವಾಗಿ ಉಳಿಯುತ್ತದೆ ಎಂಬುದು ಆ ಕಾಲದ ಜಾಣತನ. ಆದರೆ ಇಷ್ಟು ಹಳೆಯ ಬರಹಗಳಲ್ಲಿ ಇಂದಿನ ಓದುಗರು ಬಯಸುವ ನಿಖರವಾದ ಅಳತೆಯನ್ನು ಹುಡುಕಬಾರದು. ಬರೆದವರೂ ಓದುವವರೂ ಕೈಯಳತೆ, ಕಣ್ಣಳತೆ ಬಲ್ಲವರೇ ಆಗಿದ್ದರಿಂದ ಬೇಕಾದ ಪದಾರ್ಥದ ಹೆಸರು ಹೇಳಿದರೆ ಸಾಕಾಗುತ್ತಿತ್ತು. ಬೇಕಾಗುವ ಪದಾರ್ಥಗಳನ್ನೂ ಅವುಗಳ ಪ್ರಮಾಣವನ್ನೂ ಪ್ರತ್ಯೇಕವಾಗಿ ಪಟ್ಟಿ ಮಾಡಿ ಕೊಡುವ ಪದ್ಧತಿಯನ್ನು ಇಂಗ್ಲೆಂಡಿನ ಎಲೈಜಾ ಆಕ್ಟನ್ 1845ರಲ್ಲಿ ಹೊರತಂದ ಪುಸ್ತಕದಲ್ಲಿ ಅನುಸರಿಸಿದರು. ಬಾಸ್ಟನ್ನಿನ ಫ್ಯಾನಿ ಫಾರ್ಮರ್ 1896ರ ತಮ್ಮ ಪುಸ್ತಕದಲ್ಲಿ ಬಟ್ಟಲು ಮತ್ತು ಚಮಚೆಗಳನ್ನು ತುಂಬಿ, ಮೇಲಿನದನ್ನು ಚಾಕುವಿನಿಂದ ಸವರಿ ಸಮ ಮಾಡಿಯೇ ಅಳೆಯಬೇಕೆಂದು ಪಟ್ಟು ಹಿಡಿದರು.

ಅಳತೆ ಅಚ್ಚಿಗೆ ಬಂದದ್ದು ದೊಡ್ಡ ಉಪಕಾರ, ಅಮ್ಮನ ಪಕ್ಕದಲ್ಲಿ ನಿಂತು ಕಲಿಯುವ ಅವಕಾಶವಿಲ್ಲದವರಿಗಂತೂ ಅದು ಕೈದೀಪವೇ ಆಯಿತು. ಆದರೂ ಯಾವ ಮನೆಯೂ ಅಚ್ಚಾದ ಅಳತೆಯನ್ನು ಹಾಗೆಯೇ ಒಪ್ಪಿಕೊಂಡದ್ದನ್ನು ನಾನು ನೋಡಿಲ್ಲ. ನನ್ನ ಬಳಿ ಇರುವ ಪುಸ್ತಕಗಳ ಅಂಚುಗಳಲ್ಲಿ ಹೆಚ್ಚಾಗಿ ಕಾಣುವ ಮಾತು "ಇಷ್ಟು ಬೇಡ". ಅದರ ನಂತರದ್ದು "ಇನ್ನೂ ಹತ್ತು ನಿಮಿಷ". ಒಂದು ಪುಸ್ತಕದಲ್ಲಿ ಒಂದು ಇಡೀ ವಿಧಾನದ ಮೇಲೆ ಅಡ್ಡಗೀಟು ಎಳೆದು, ಬದಿಯಲ್ಲಿ "ಅತ್ತೆಯವರ ರೀತಿಯೇ ಸರಿ" ಎಂದು ಬರೆದಿದೆ. ಬರೆದ ಸೊಸೆ ಯಾರೋ, ಆ ಅತ್ತೆ ಯಾರೋ ನನಗೆ ತಿಳಿಯದು. ಆದರೆ ಒಂದು ಮನೆಯಲ್ಲಿ ಇಬ್ಬರು ಹೆಂಗಸರ ನಡುವೆ ಒಲೆಯ ಮುಂದೆ ಆದ ಒಪ್ಪಂದವೊಂದು ಆ ಮೂರು ಪದಗಳಲ್ಲಿದೆ. ಹಾಳೆ ತೆಗೆದಾಗಲೆಲ್ಲ ಅವರಿಬ್ಬರಿಗೂ ಮನಸ್ಸಿನಲ್ಲಿಯೇ ನಮಸ್ಕಾರ ಹೇಳುತ್ತೇನೆ.

ಇನ್ನು ದಿನಾಂಕದ ವಿಷಯ. ಅಮ್ಮನ ಪುಸ್ತಕದೊಳಗೆ ಪತ್ರಿಕೆಗಳಿಂದ ಕತ್ತರಿಸಿಟ್ಟ ತುಣುಕುಗಳು ನಲವತ್ತಕ್ಕೂ ಹೆಚ್ಚು ಇದ್ದವು, ಒಂದರ ಮೇಲೂ ದಿನಾಂಕವಿರಲಿಲ್ಲ. ಅವುಗಳಲ್ಲಿ ಒಂದು ತುಣುಕು ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಕೊಡಬಹುದಾದ ಮೆದು ಆಹಾರವನ್ನು ಕುರಿತದ್ದು. ಅದರ ಮೇಲೆ ಅಮ್ಮ ಒಂದರ ಪಕ್ಕದಲ್ಲೊಂದು ಸಣ್ಣ ಗೀಟುಗಳನ್ನು ಎಳೆದಿದ್ದರು, ಎಣಿಸಿದರೆ ಅರವತ್ತಮೂರು. ಏನನ್ನು ಎಣಿಸಿರಬಹುದು, ಯಾರಿಗಾಗಿ ಎಂದು ಮನೆಯಲ್ಲಿ ಎಲ್ಲರನ್ನೂ ಕೇಳಿದೆ. ಯಾರಿಗೂ ನೆನಪಿರಲಿಲ್ಲ. ತುಣುಕನ್ನು ತಿರುಗಿಸಿದರೆ ಹಿಂಬದಿಯಲ್ಲಿ ಪರೀಕ್ಷೆಯ ಫಲಿತಾಂಶದ ನೋಂದಣಿ ಸಂಖ್ಯೆಗಳ ಸಾಲು ಮತ್ತು ಅರ್ಧಕ್ಕೆ ಕತ್ತರಿಸಿಹೋದ ಒಂದು ಕ್ರಿಕೆಟ್ ಪಂದ್ಯದ ವರದಿ. ಅಕ್ಷರದ ಅಚ್ಚು ನೋಡಿ ಪತ್ರಿಕೆ ಯಾವುದಿರಬಹುದೆಂದು ಊಹಿಸಿ, ಗ್ರಂಥಾಲಯದಲ್ಲಿ ಆ ಪತ್ರಿಕೆಯ ಬೈಂಡ್ ಮಾಡಿದ ಹಳೆಯ ಸಂಪುಟಗಳನ್ನು ಫಲಿತಾಂಶ ಬರುವ ತಿಂಗಳುಗಳಿಗಷ್ಟೇ ಸೀಮಿತವಾಗಿ ವರ್ಷದಿಂದ ವರ್ಷಕ್ಕೆ ಹುಡುಕುತ್ತ ಹೋದೆ. ನಾಲ್ಕನೆಯ ದಿನ ಮಧ್ಯಾಹ್ನ ಅದೇ ಸಂಖ್ಯೆಗಳ ಸಾಲು ಪೂರ್ತಿಯಾಗಿ ಕಣ್ಣಿಗೆ ಬಿತ್ತು.

ಆ ದಿನಾಂಕ ತಿಳಿದ ಕೂಡಲೇ ಉಳಿದದ್ದು ತಾನಾಗಿಯೇ ತಿಳಿಯಿತು. ಅದು ಅಜ್ಜಿ, ಅಂದರೆ ಅಪ್ಪನ ತಾಯಿ, ಹಾಸಿಗೆ ಹಿಡಿದಿದ್ದ ಬೇಸಿಗೆ. ನಾನು ಆಗ ಚಿಕ್ಕವಳು, ರಜೆಗೆಂದು ನಮ್ಮನ್ನು ಬಂಧುಗಳ ಮನೆಗೆ ಕಳಿಸಿದ್ದರು. ವಾಪಸು ಬರುವ ಹೊತ್ತಿಗೆ ಅಜ್ಜಿ ಎದ್ದು ಓಡಾಡುತ್ತಿದ್ದರು. ಅರವತ್ತಮೂರು ದಿನ, ದಿನಕ್ಕೊಂದು ಗೀಟಿನಂತೆ, ಅಮ್ಮ ಆ ಪಥ್ಯದ ಅಡುಗೆಯನ್ನು ಮಾಡಿ ಉಣಿಸಿದ್ದರು. ಅಮ್ಮನಿಗೂ ಅಜ್ಜಿಗೂ ಅಷ್ಟಾಗಿ ಸರಿಬರುತ್ತಿರಲಿಲ್ಲ ಎಂಬ ಮಾತನ್ನು ಕೇಳುತ್ತಲೇ ನಾವು ಬೆಳೆದದ್ದು, ಆ ಎರಡು ತಿಂಗಳ ಬಗ್ಗೆ ಅಮ್ಮ ಒಂದು ದಿನವೂ ಬಾಯಿಬಿಟ್ಟವರಲ್ಲ. ನಮ್ಮ ಮನೆಯ ಬಗ್ಗೆ ನಾನು ತಪ್ಪಾಗಿ ತಿಳಿದುಕೊಂಡಿದ್ದ ಒಂದು ಸಂಗತಿ ಆ ತುಣುಕಿನ ದಿನಾಂಕದಿಂದ ಸರಿಹೋಯಿತು. ಹಿಂಬದಿಯಲ್ಲಿ ಫಲಿತಾಂಶದ ಬದಲು ಯಾವುದೋ ಜಾಹೀರಾತು ಇದ್ದಿದ್ದರೆ ಅದು ಸರಿಹೋಗುತ್ತಿರಲಿಲ್ಲ. ಉಳಿದ ತುಣುಕುಗಳ ಕಾಲ ನನಗೆ ಇಂದಿಗೂ ತಿಳಿದಿಲ್ಲ.

ಹೆಸರಿನ ವಿಷಯವನ್ನೂ ಇದರ ಜೊತೆಗೇ ಹೇಳಬೇಕು. ಇಂಗ್ಲೆಂಡಿನಲ್ಲಿ 1747ರಲ್ಲಿ ಅಡುಗೆ ಪುಸ್ತಕವೊಂದು ಮುಖಪುಟದಲ್ಲಿ "ಒಬ್ಬ ಮಹಿಳೆಯಿಂದ" ಎಂದಷ್ಟೇ ಅಚ್ಚಾಗಿ ಬಂತು. ಮುಂದಿನ ದಶಕಗಳಲ್ಲಿ ಅದು ಮರುಮುದ್ರಣದ ಮೇಲೆ ಮರುಮುದ್ರಣ ಕಂಡಿತು. ಅದನ್ನು ಬರೆದವರು ಒಬ್ಬ ಗಂಡಸು ಎಂಬ ಮಾತೂ ಹಬ್ಬಿತು. ಬರೆದ ಹ್ಯಾನಾ ಗ್ಲಾಸ್ ಯಾರು, ಯಾರ ಮಗಳು ಎಂಬುದು ಇತಿಹಾಸದ ವಿದ್ವಾಂಸರೊಬ್ಬರ ಶ್ರಮದಿಂದ ಖಚಿತವಾದದ್ದು 1938ರಲ್ಲಿ. ಅಷ್ಟು ಜನಪ್ರಿಯವಾದ ಪುಸ್ತಕದ ಲೇಖಕಿಗೇ ಹೀಗಾಯಿತೆಂದರೆ, ಪತ್ರಿಕೆಗೆ ಒಂದು ವಿಧಾನ ಬರೆದು ಕಳಿಸಿದ ಗೃಹಿಣಿಯ ಗತಿಯೇನು? ನನ್ನ ಸಂಗ್ರಹದ ಹಳೆಯ ತುಣುಕುಗಳಲ್ಲಿ "ಓದುಗರೊಬ್ಬರು", "ಶ್ರೀಮತಿ" ಎಂಬ ಶಬ್ದದ ನಂತರ ಗಂಡನ ಹೆಸರು, ಇಲ್ಲವೇ ಎರಡು ಇನಿಷಿಯಲ್ಲುಗಳು ಇವೆಯೇ ಹೊರತು ಹೆಣ್ಣುಮಕ್ಕಳ ಸ್ವಂತ ಹೆಸರು ಅಪರೂಪ. ಅವರ ಮಕ್ಕಳೋ ಮೊಮ್ಮಕ್ಕಳೋ ಇಂದು ಹುಡುಕಿದರೂ ಅವರನ್ನು ಕಂಡುಹಿಡಿಯಲಾರರು.

ಈ ಬರಹಗಳಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ನಾನು ಮತ್ತೆ ಮತ್ತೆ ನೆನೆಯುವ ಒಂದು ನಿಜವಾದ ಉದಾಹರಣೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಟೆರೆಜಿನ್ ಶಿಬಿರದಲ್ಲಿ, ಹಸಿವಿನಿಂದ ಬಳಲುತ್ತಿದ್ದ ಕೆಲವು ಮಹಿಳೆಯರು ತಮ್ಮ ತಮ್ಮ ಮನೆಗಳ ಅಡುಗೆಯ ವಿಧಾನಗಳನ್ನು ನೆನಪಿನಿಂದ ಬರೆದರು. ಅವರಲ್ಲೊಬ್ಬರಾದ ಮಿನಾ ಪೆಖ್ಟರ್ 1944ರಲ್ಲಿ ಅಲ್ಲಿಯೇ ತೀರಿಕೊಂಡರು. ಸಾಯುವ ಮುನ್ನ ಆ ಹಾಳೆಗಳನ್ನು ಮಗಳಿಗೆ ತಲುಪಿಸುವಂತೆ ಪರಿಚಿತರೊಬ್ಬರ ಕೈಗೆ ಕೊಟ್ಟಿದ್ದರು. ಕೈಯಿಂದ ಕೈಗೆ ದಾಟುತ್ತ ಅದು ನ್ಯೂಯಾರ್ಕಿನಲ್ಲಿದ್ದ ಮಗಳ ಕೈ ಸೇರಲು ಸುಮಾರು 25 ವರ್ಷ ಹಿಡಿಯಿತು. 1996ರಲ್ಲಿ ಅದು ಇಂಗ್ಲಿಷಿಗೆ ಅನುವಾದಗೊಂಡು ಪುಸ್ತಕವಾಗಿ ಪ್ರಕಟವಾಯಿತು. ಅದರಲ್ಲಿನ ಕೆಲವು ವಿಧಾನಗಳಲ್ಲಿ ಬೇಕಾದ ಪದಾರ್ಥವೇ ಬಿಟ್ಟುಹೋಗಿದೆ, ಕೆಲವು ಅರ್ಧಕ್ಕೇ ನಿಂತಿವೆ. ಪ್ರಕಟಿಸಿದವರು ಅವನ್ನು ತಿದ್ದಲು ಹೋಗಲಿಲ್ಲ. ತನ್ನವರ ಬಳಿಗೆ ಹೋಗಲು ಬೇರೆ ದಾರಿಯೇ ಇಲ್ಲದ ತಾಯಿಯೊಬ್ಬಳು ಕಳಿಸಲು ಆರಿಸಿಕೊಂಡದ್ದು ಅಡುಗೆಯ ಹಾಳೆಗಳನ್ನು. ಮನೆಯ ಅಡುಗೆ ಪುಸ್ತಕವನ್ನು ಹಗುರವಾಗಿ ಕಾಣುವವರಿಗೆ ನಾನು ಇಷ್ಟನ್ನು ಹೇಳಿ ಸುಮ್ಮನಾಗುತ್ತೇನೆ.

ನಮ್ಮ ಗ್ರಂಥಾಲಯಗಳು ಇಂಥ ಪುಸ್ತಕಗಳನ್ನು ನೋಡುವ ರೀತಿಯೂ ಬದಲಾಗಬೇಕು. ಒಮ್ಮೆ, ಪರಿಚಿತರ ಮನೆಯಲ್ಲಿ ಮೂರು ತಲೆಮಾರು ಬಳಸಿದ್ದ ಎಂಟು ಅಡುಗೆ ಪುಸ್ತಕಗಳನ್ನು ಅವರ ಒಪ್ಪಿಗೆ ಪಡೆದು ಒಂದು ಗ್ರಂಥಾಲಯಕ್ಕೆ ಕೊಡಲು ಹೋಗಿದ್ದೆ. ಪುಟ ತೆರೆದು ನೋಡಿದವರು "ಇದರ ತುಂಬ ಗೀಚಿದ್ದಾರಲ್ಲ ಮೇಡಂ, ಕ್ಲೀನ್ ಆಗಿರುವ ಪ್ರತಿ ಇದ್ದರೆ ಕೊಡಿ" ಎಂದು ಹಿಂದಿರುಗಿಸಿದರು. ಅವರು ತಮ್ಮ ನಿಯಮದ ಪ್ರಕಾರವೇ ನಡೆದುಕೊಂಡರು, ಅವರ ಮೇಲೆ ನನಗೆ ಕೋಪವಿಲ್ಲ. ಗ್ರಂಥಾಲಯದ ದಶಮಾಂಶ ವರ್ಗೀಕರಣದಲ್ಲಿ ಅಡುಗೆಗೆ ಇರುವ ಸಂಖ್ಯೆ 641.5. ಅಂಗಡಿಯಿಂದ ಹೊಸದಾಗಿ ಬಂದ ಪ್ರತಿಗೂ ಮೂರು ತಲೆಮಾರಿನ ಕೈಬರಹ ತುಂಬಿದ ಪ್ರತಿಗೂ ಅದೇ ಸಂಖ್ಯೆ, ಹೀಗಾಗಿ ಎರಡನೆಯದು ಮೊದಲನೆಯದರ ಹಾಳಾದ ರೂಪವಾಗಿಯೇ ಕಾಣುತ್ತದೆ. ಕೊಡಲು ತಂದ ಪುಸ್ತಕದಲ್ಲಿ ಕೈಬರಹವಿದ್ದರೆ ಅದನ್ನು ಹಸ್ತಪ್ರತಿಯ ಸಾಲಿಗೆ ಸೇರಿಸಿ, ಯಾವ ಮನೆಯಿಂದ ಬಂತು, ಯಾರು ಯಾರು ಬರೆದಿದ್ದಾರೆ, ಒಳಗೆ ಎಷ್ಟು ಬಿಡಿ ಹಾಳೆಗಳಿವೆ ಎಂಬುದನ್ನು ಒಂದು ಚೀಟಿಯಲ್ಲಿ ದಾಖಲಿಸುವ ಕ್ರಮ ಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದ ಶ್ಲೆಸಿಂಗರ್ ಗ್ರಂಥಾಲಯ ಮಹಿಳೆಯರ ಇತಿಹಾಸಕ್ಕೆಂದೇ ಇರುವಂಥದ್ದು. ಅಲ್ಲಿ ಸಾವಿರಾರು ಅಡುಗೆ ಪುಸ್ತಕಗಳನ್ನು ಇತಿಹಾಸದ ಆಕರಗಳೆಂದೇ ಕಾಪಾಡಿದ್ದಾರೆ. ಹಾಗೆ ಮಾಡಲು ಹೊಸ ಕಟ್ಟಡವೇನೂ ಬೇಕಾಗಿಲ್ಲ, ಒಂದು ಕಪಾಟಿನಿಂದ ಶುರು ಮಾಡಬಹುದು.

ಇಂಥ ಪುಸ್ತಕ ಮನೆಯಲ್ಲಿರುವ ಓದುಗರಿಗೆ ಅನುಭವದಿಂದ ಕೆಲವು ಮಾತು ಹೇಳುತ್ತೇನೆ. ಪತ್ರಿಕೆಯ ಕಾಗದವನ್ನು ಮರದ ತಿರುಳನ್ನು ಅರೆದು ಮಾಡುವುದರಿಂದ ಅದರಲ್ಲಿ ಲಿಗ್ನಿನ್ ಎಂಬ ಅಂಶ ಉಳಿದುಕೊಂಡಿರುತ್ತದೆ. ಬೆಳಕು ಮತ್ತು ಗಾಳಿಗೆ ಅದು ಹಳದಿಯಾಗಿ, ಕಾಗದ ಆಮ್ಲೀಯವಾಗಿ ಮುರಿಯತೊಡಗುತ್ತದೆ, ಜೊತೆಗೆ ತಾನು ತಗುಲಿಕೊಂಡ ಪುಸ್ತಕದ ಹಾಳೆಯ ಮೇಲೂ ಕಂದು ನೆರಳನ್ನು ಮೂಡಿಸುತ್ತದೆ. ಆದ್ದರಿಂದ ತುಣುಕುಗಳನ್ನು ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಪ್ರತ್ಯೇಕವಾಗಿಡಬೇಕು, ಆದರೆ ತೆಗೆಯುವ ಮೊದಲು ಯಾವ ಪುಟಗಳ ನಡುವೆ ಇತ್ತೆಂಬುದನ್ನು ಪೆನ್ಸಿಲ್ಲಿನಲ್ಲಿ ಲಕೋಟೆಯ ಮೇಲೆ ಬರೆಯಬೇಕು. ಜಾಗವೂ ನೆನಪಿನ ಭಾಗವೇ. ಗುಂಡುಸೂಜಿ, ಸ್ಟೇಪ್ಲರ್ ಪಿನ್ನುಗಳು ತುಕ್ಕು ಹಿಡಿಯುತ್ತವೆ, ಅವನ್ನು ತೆಗೆಯುವುದು ಒಳ್ಳೆಯದು. ಸೆಲ್ಲೋ ಟೇಪನ್ನು ಎಷ್ಟು ಅವಸರವಿದ್ದರೂ ಹಚ್ಚಬೇಡಿ. ಕೆಲವು ವರ್ಷಗಳಲ್ಲಿ ಪ್ಲಾಸ್ಟಿಕ್ ಪಟ್ಟಿ ಉದುರಿಹೋಗಿ ಅಂಟು ಮಾತ್ರ ಹಾಳೆಯೊಳಗೆ ಇಳಿದು ಕಲೆಯಾಗಿ ಉಳಿಯುತ್ತದೆ.

ಲ್ಯಾಮಿನೇಷನ್ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಬೇರೆಯವರು ಮಾಡಬಾರದು. ಅಪ್ಪ ಬರೆದ ಒಂದೇ ಒಂದು ಅಡುಗೆಯ ಹಾಳೆ ನಮ್ಮಲ್ಲಿತ್ತು. ಅಮ್ಮ ಆಸ್ಪತ್ರೆಯಲ್ಲಿದ್ದ ಮೂರು ದಿನ ನಮಗೆ ಅಡುಗೆ ಮಾಡಿ ಬಡಿಸಲು ಅವರು ಅಮ್ಮನನ್ನು ಕೇಳಿ, ಕಚೇರಿಯ ಕಾಗದದ ಹಿಂಬದಿಯಲ್ಲಿ, ಒಂದರಿಂದ ಹದಿನಾಲ್ಕರವರೆಗೆ ಸಂಖ್ಯೆ ಹಾಕಿ ಬರೆದುಕೊಂಡದ್ದು ಅದು. ಐದನೆಯ ಅಂಶ "ಒಲೆ ಹಚ್ಚುವುದು". ಅದು ಹಾಳಾಗಬಾರದೆಂದು ನಾನೇ ತೆಗೆದುಕೊಂಡು ಹೋಗಿ ಲ್ಯಾಮಿನೇಷನ್ ಮಾಡಿಸಿದೆ. ಬಿಸಿಗೂ ಅಂಟಿಗೂ ಸಿಕ್ಕಿದ ಹಾಳೆಯನ್ನು ಇನ್ನು ಆ ಪ್ಲಾಸ್ಟಿಕ್ಕಿನಿಂದ ಬಿಡಿಸಲಾಗದು, ಒಳಗೆ ಕಾಗದ ಹಳದಿಯಾಗುತ್ತಿರುವುದನ್ನು ನೋಡುತ್ತ ಇರುವುದಷ್ಟೇ ನನಗೆ ಉಳಿದದ್ದು. ಪೆನ್ನನ್ನು ಒತ್ತಿ ಬರೆಯುವುದು ಅಪ್ಪನ ಅಭ್ಯಾಸ, ಹಾಳೆಯ ಹಿಂದೆ ಬೆರಳಾಡಿಸಿದರೆ ಅಕ್ಷರಗಳ ಉಬ್ಬು ತಿಳಿಯುತ್ತಿತ್ತು. ಅದು ಹೋಯಿತು.

ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಸಾಲದೇ ಎಂದು ಅನೇಕರು ಕೇಳುತ್ತಾರೆ. ಫೋಟೊ ಖಂಡಿತ ತೆಗೆಯಿರಿ, ಪುಟವನ್ನು ಪೂರ್ತಿಯಾಗಿ, ಅಂಚು ಕತ್ತರಿಸದೆ, ತುಣುಕಾದರೆ ಎರಡೂ ಬದಿಯನ್ನು ತೆಗೆಯಿರಿ, ಮನೆಯವರಿಗೆಲ್ಲ ಹಂಚಿರಿ. ಆಸ್ತಿ ಪಾಲಾಗುವಂತೆ ಪುಸ್ತಕವನ್ನು ಹಾಳೆ ಹಾಳೆಯಾಗಿ ಪಾಲು ಮಾಡಿಕೊಂಡ ಮನೆಗಳನ್ನೂ ನಾನು ಕಂಡಿದ್ದೇನೆ, ಅಂಥ ಹಂಚಿಕೆಗೆ ಫೋಟೊ ಒಳ್ಳೆಯ ಪರ್ಯಾಯ. ಮೂಲ ಪುಸ್ತಕ ಮಾತ್ರ ಇಡಿಯಾಗಿ ಒಬ್ಬರ ಬಳಿ ಇರಲಿ, ಅದು ಯಾರ ಬಳಿ ಇದೆ ಎಂಬುದು ಎಲ್ಲರಿಗೂ ತಿಳಿದಿರಲಿ. ಹಿರಿಯರು ಇರುವಾಗಲೇ ಪುಸ್ತಕವನ್ನು ಅವರ ಮುಂದಿಟ್ಟು, "ಈ ಅಕ್ಷರ ಯಾರದು, ಇದನ್ನು ಯಾವಾಗ ಬರೆದದ್ದು, ಇದನ್ನು ಯಾರು ಇಷ್ಟಪಡುತ್ತಿದ್ದರು" ಎಂದು ಒಂದೊಂದೇ ಪುಟ ತಿರುವಿ ಕೇಳಬೇಕು. ಹಳೆಯ ಕಥೆ ಹೇಳಿ ಎಂದರೆ ಏನೂ ನೆನಪಿಲ್ಲ ಎನ್ನುವವರು, ಕಲೆಯಾದ ಪುಟವೊಂದನ್ನು ಕಂಡರೆ ಗಂಟೆಗಟ್ಟಲೆ ಮಾತಾಡುತ್ತಾರೆ. ನಾನು ಅಮ್ಮನನ್ನು ಹೀಗೆ ಕೂರಿಸಿಕೊಂಡು ಕೇಳಲಿಲ್ಲ, ಆ ಪುಸ್ತಕ ದಿನವೂ ಕಣ್ಣೆದುರಿಗೇ ಇತ್ತು.

ಮಾನ್ಯರೇ, ಮನೆಗಳು ಮಾಡಬೇಕಾದದ್ದನ್ನು ಮನೆಗಳು ಮಾಡಲಿ, ಗ್ರಂಥಾಲಯಗಳು ಮಾಡಬೇಕಾದದ್ದನ್ನು ಗ್ರಂಥಾಲಯಗಳು ಮಾಡಲಿ. ನಿಮ್ಮ ಪತ್ರಿಕೆಯಿಂದ ಆಗಬೇಕಾದದ್ದು ಅಂಕಣದ ಕೊನೆಯಲ್ಲಿ ಒಂದು ಸಾಲು: ಬರೆದವರ ಸ್ವಂತ ಹೆಸರು, ಪತ್ರಿಕೆಯ ಹೆಸರು, ದಿನಾಂಕ. ಕತ್ತರಿ ಓಡುವುದು ಚೌಕಟ್ಟಿನ ಗೆರೆಯ ಮೇಲೆ. ಆ ಸಾಲು ದಯವಿಟ್ಟು ಗೆರೆಯ ಒಳಗಿರಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹಿರಿಯ ಓದುಗಿ